ಹೃದಯ ನಿಂತು ಮತ್ತೆ ಶುರುವಾದ ಮೇಲೆ ಅದನ್ನು ಕಾಪಾಡುವ ಇಂಜೆಕ್ಷನ್ ಏನಾದರೂ ಇದೆಯಾ?

ನೀವು ಕೇಳಿದ್ದು ಇಷ್ಟು. ಚಿಕ್ಕಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ ಹೃದಯವೇ ನಿಂತಿತ್ತು. ಎದೆ ಒತ್ತಿ, ಶಾಕ್ ಕೊಟ್ಟು ವಾಪಸ್ ತಂದರು. ಸ್ಟೆಂಟ್ ಕೂಡ ಹಾಕಿದ್ದಾರೆ. ಮೊನ್ನೆ ರಾತ್ರಿಯ ಎಕೋದಲ್ಲಿ ಪಂಪಿಂಗ್ 25 ಪರ್ಸೆಂಟ್ ಅಂತ ಬಂದಿದೆ, ಡಾಕ್ಟರು ಕಾಯೋಣ ಅಂತಿದ್ದಾರೆ. ಹೃದಯ ಇನ್ನಷ್ಟು ಹಾಳಾಗದ ಹಾಗೆ ತಡೆಯುವ ಇಂಜೆಕ್ಷನ್ ಇದ್ದರೆ ಎಷ್ಟು ದುಡ್ಡಾದರೂ ಹೊರಗಿನಿಂದ ತರಿಸುತ್ತೀರಿ.

ನಾನು ಹೃದಯದ ಐಸಿಯುನಲ್ಲಿ ಕೆಲಸ ಮಾಡುವ ಡಾಕ್ಟರ್. ಸುತ್ತಿ ಬಳಸಿ ಹೇಳುವುದಿಲ್ಲ: ಅಂಥ ಇಂಜೆಕ್ಷನ್ ಇಲ್ಲ. ನಿಮ್ಮ ಡಾಕ್ಟರು ಕಾಯೋಣ ಅಂದಿದ್ದು ಕೈಚೆಲ್ಲಿ ಅಂದಿದ್ದಲ್ಲ.

ಮೊದಲು ಆ 25ರ ವಿಷಯ. ಹೃದಯದ ಮುಕ್ಕಾಲು ಭಾಗ ಸತ್ತಿದೆ ಅಂತ ಇದರ ಅರ್ಥ ಅಲ್ಲ. ಎಡ ಕೋಣೆಯಲ್ಲಿ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ ಅದು. ಆರೋಗ್ಯವಾಗಿರುವವರದ್ದೂ ಹೆಚ್ಚುಕಮ್ಮಿ 55ರಿಂದ 65 ಇರುತ್ತದೆ. ನೂರು ಯಾರಿಗೂ ಇಲ್ಲ.

ರಕ್ತ ಸಿಗದೆ ನಿಂತಿದ್ದ ಹೃದಯಕ್ಕೆ ಒಮ್ಮೆಲೇ ರಕ್ತ ಬಂದರೆ ಅದು ತಕ್ಷಣ ಚುರುಕಾಗುವುದಿಲ್ಲ. ಜೋಮು ಹಿಡಿದ ಕಾಲಿನ ಹಾಗೆ, ಜೀವ ಇರುತ್ತದೆ, ಶಕ್ತಿ ಇರುವುದಿಲ್ಲ. ಪ್ಯಾರಿಸ್‌ನ ಡಾಕ್ಟರುಗಳು ಇಂಥ ರೋಗಿಗಳನ್ನು ಗಂಟೆ ಗಂಟೆಗೂ ಅಳೆದು 2002ರಲ್ಲಿ ಬರೆದಿದ್ದರು. ಹೃದಯ ಹೊರಹಾಕುವ ರಕ್ತ, ಹೃದಯ ನಿಂತು ಸುಮಾರು 8 ಗಂಟೆ ಕಳೆಯುವ ಹೊತ್ತಿಗೆ ತೀರಾ ಕೆಳಗಿಳಿಯುತ್ತದೆ, 24 ಗಂಟೆಗೆ ಏರಲು ಶುರುವಾಗುತ್ತದೆ, ಹೆಚ್ಚಿನವರಲ್ಲಿ 72 ಗಂಟೆಗೆ ಸರಿಸುಮಾರು ಮೊದಲಿನ ಮಟ್ಟಕ್ಕೆ ಬರುತ್ತದೆ. ಅಂದರೆ ಮೊದಲ ರಾತ್ರಿಯ ಎಕೋ ನೋಡಿ ಹಣೆಬರಹ ಹೇಳಕ್ಕಾಗಲ್ಲ. ನಿಮ್ಮ ಚಿಕ್ಕಪ್ಪನಿಗೆ ರಕ್ತನಾಳವೂ ಕಟ್ಟಿತ್ತಲ್ಲ, ಹಾಗಾಗಿ ಸ್ವಲ್ಪ ಭಾಗ ನಿಜವಾಗಿಯೂ ಹೋಗಿರಬಹುದು. ಎಷ್ಟು ಹೋಗಿದೆ, ಎಷ್ಟು ಸುಮ್ನೆ ಮಂಕಾಗಿದೆ ಅನ್ನುವುದು ತಿಳಿಯಲು ಕೆಲವು ವಾರಗಳೇ ಬೇಕು.

ಈಗ ಮಂಚದ ಪಕ್ಕ ನೋಡಿ. ಕಂಬಕ್ಕೆ ಸಿಕ್ಕಿಸಿದ ಸಣ್ಣ ಪಂಪುಗಳಲ್ಲಿ ದಪ್ಪ ಸಿರಿಂಜುಗಳಿರುತ್ತವೆ, ಮೇಲೆ ಮಾರ್ಕರ್‌ನಲ್ಲಿ ‘ನೊರಾಡ್’, ‘ಡೋಬು’ ಅಂತ ಬರೆದಿರುತ್ತದೆ. ನೊರಾಡ್ರಿನಲಿನ್ ರಕ್ತನಾಳಗಳನ್ನು ಬಿಗಿಮಾಡಿ ಬಿಪಿ ಹಿಡಿದು ನಿಲ್ಲಿಸುತ್ತದೆ. ಅದರ ಪ್ರಭಾವ ಎರಡು ಮೂರು ನಿಮಿಷದಲ್ಲೇ ಇಳಿದುಹೋಗುತ್ತದೆ. ಅದಕ್ಕೇ ಸಿರಿಂಜು ಖಾಲಿಯಾಗುವ ಮೊದಲೇ ಸಿಸ್ಟರ್ ಇನ್ನೊಂದನ್ನು ತುಂಬಿ ಪಕ್ಕದ ಪಂಪಿನಲ್ಲಿ ರೆಡಿ ಇಟ್ಟಿರುತ್ತಾರೆ. ಡೋಬುಟಮಿನ್ ಹೃದಯವನ್ನು ಜೋರಾಗಿ ಹಿಂಡಿಸುತ್ತದೆ. ಆದರೆ ಪುಕ್ಕಟೆಯಾಗಿ ಅಲ್ಲ. ಬಡಿತ ಏರುತ್ತದೆ, ಹೃದಯಕ್ಕೆ ಬೇಕಾಗುವ ಆಮ್ಲಜನಕ ಜಾಸ್ತಿಯಾಗುತ್ತದೆ, ಕೆಲವೊಮ್ಮೆ ಲಯವೇ ತಪ್ಪುತ್ತದೆ. ಇವೆರಡೂ ಹೃದಯವನ್ನು ರಿಪೇರಿ ಮಾಡುವುದಿಲ್ಲ. ಅದು ಚೇತರಿಸಿಕೊಳ್ಳುವ ತನಕ ಕಿಡ್ನಿಗೂ ಮಿದುಳಿಗೂ ರಕ್ತ ಸಿಗುವ ಹಾಗೆ ನೋಡಿಕೊಳ್ಳುತ್ತವೆ, ಅಷ್ಟೇ.

ಹಾಗಾದರೆ ಡೋಸ್ ಏರಿಸಿ ಬಿಪಿ ಇನ್ನೂ ಮೇಲೆ ಇಡಬಾರದಾ ಅಂತ ಮನೆಯವರು ಮಾನಿಟರ್ ನೋಡಿಕೊಂಡು ಕೇಳುತ್ತಾರೆ. ಡೆನ್ಮಾರ್ಕ್‌ನಲ್ಲಿ 789 ಜನರ ಮೇಲೆ ಅದನ್ನೇ ಪರೀಕ್ಷಿಸಿದರು. ಸರಾಸರಿ ಬಿಪಿಗೆ (ಮೇಲಿನದು, ಕೆಳಗಿನದು ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಒಂದೇ ಅಂಕಿ) ಅರ್ಧ ಜನರಲ್ಲಿ 63ರ ಗುರಿ, ಉಳಿದವರಲ್ಲಿ 77ರದ್ದು. 2022ರಲ್ಲಿ ಫಲಿತಾಂಶ ಬಂತು, ಎರಡೂ ಗುಂಪಿಗೆ ವ್ಯತ್ಯಾಸ ಇರಲಿಲ್ಲ. ನೀವು ನಾಳೆ ರೌಂಡ್ಸಿನಲ್ಲಿ ಬಿಪಿ ಎಷ್ಟು ಅಂತ ಕೇಳುವ ಬದಲು, ನೊರಾಡ್ ಡೋಸ್ ನಿನ್ನೆಗಿಂತ ಇಳಿದಿದೆಯಾ, ಮೂತ್ರ ಚೆನ್ನಾಗಿ ಬರ್ತಿದೆಯಾ, ಅಂಗಗಳಿಗೆ ರಕ್ತ ಸಾಲದಿದ್ದಾಗ ಏರುವ ಲ್ಯಾಕ್ಟೇಟ್ ಕಮ್ಮಿಯಾಗಿದೆಯಾ ಅಂತ ಕೇಳಿ.

ಇನ್ನು ‘ಹೊರಗಿನ ಇಂಜೆಕ್ಷನ್’. ಪ್ರಯತ್ನ ಪಟ್ಟಿಲ್ಲ ಅಂತಲ್ಲ, ತುಂಬಾ ಪಟ್ಟಿದ್ದಾರೆ. ಕಿಡ್ನಿ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವ ಸೈಕ್ಲೋಸ್ಪೋರಿನ್ ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯವನ್ನು ಕಾಪಾಡುತ್ತದೆ ಅಂತ ಪ್ರಾಣಿಗಳಲ್ಲಿ ಕಂಡಿತ್ತು. ಫ್ರಾನ್ಸ್‌ನಲ್ಲಿ ಹೃದಯ ನಿಂತವರಿಗೆ ಕೊಟ್ಟು ನೋಡಿದರು, 2016ರ ಫಲಿತಾಂಶ: ಉಪಯೋಗವಿಲ್ಲ. ಡಯಾಲಿಸಿಸ್‌ನವರಿಗೆ ರಕ್ತ ಏರಲು ಕೊಡುವ ಎರಿಥ್ರೋಪೊಯೆಟಿನ್ ಕೊಟ್ಟರು. ಅದರಲ್ಲೂ ಲಾಭ ಇಲ್ಲ, ಮೇಲೆ ರಕ್ತ ಹೆಪ್ಪುಗಟ್ಟುವ ತೊಂದರೆ ಬೇರೆ. ಫಿನ್ಲೆಂಡ್‌ನಲ್ಲಿ 110 ರೋಗಿಗಳಲ್ಲಿ ಅರ್ಧ ಜನರಿಗೆ ಕ್ಸೆನಾನ್ ಅನಿಲ ಉಸಿರಾಡಿಸಿದರು. ಹೃದಯಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೊನಿನ್ ಅವರಲ್ಲಿ ಕಮ್ಮಿ ಏರಿತು. ಒಳ್ಳೆಯ ಸುಳಿವು, ಆದರೆ ಚಿಕ್ಕ ಪ್ರಯೋಗ.

ಅಂಥ ಇಂಜೆಕ್ಷನ್ ಬಗ್ಗೆ ನೀವು ಎಲ್ಲಾದರೂ ಓದಿದ್ದರೆ ಅದು ಬಹುಶಃ ಟೊಸಿಲಿಜುಮಾಬ್ ಬಗ್ಗೆ ಇರಬೇಕು. ಹೌದು, ಕೋವಿಡ್ ಎರಡನೇ ಅಲೆಯಲ್ಲಿ ಜನ ಅಂಗಡಿ ಅಂಗಡಿ ಅಲೆದು ಹುಡುಕಿದ್ದು ಅದೇ. ಕೋಪನ್‌ಹೇಗನ್‌ನಲ್ಲಿ 80 ರೋಗಿಗಳ ಮೇಲೆ ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದರು. ದೇಹದ ಉರಿಯೂತ ಗಣನೀಯವಾಗಿ ಇಳಿಯಿತು, ಟ್ರೋಪೊನಿನ್ ಕೂಡ ಇಳಿಯಿತು. ಆದರೆ ಬದುಕಿ ಉಳಿದವರ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಷ್ಟರ ಮೇಲೆ ನಾನಾಗಿದ್ದರೆ ನನ್ನ ಮನೆಯವರಿಗೆ ತರಿಸುತ್ತಿರಲಿಲ್ಲ. ವೆಂಟಿಲೇಟರ್ ಮೇಲಿರುವವರಿಗೆ ಸೋಂಕಿನ ಭಯ ಮೊದಲೇ ಇರುತ್ತದೆ, ಅದರ ಮೇಲೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಬೇಕಾ?

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಪುಕ್ಕಟೆ ಕೊಡುವ ಟೆನೆಕ್ಟೆಪ್ಲೇಸ್ ಕೂಡ ನಿಮಗೆ ಈಗ ಸಂಬಂಧ ಇಲ್ಲ. ಅದು ಅಟ್ಯಾಕ್ ಆದ ಮೊದಲ ಗಂಟೆಗಳಲ್ಲಿ ಹೆಪ್ಪು ಕರಗಿಸಲು. ಸ್ಟೆಂಟ್ ಆ ಕೆಲಸ ಮುಗಿಸಿದೆ.

ಹೃದಯವನ್ನು ನಿಜಕ್ಕೂ ಕಾಪಾಡುವ ಔಷಧಿಗಳು ಬರುವುದು ಪಂಪುಗಳು ಇಳಿದ ಮೇಲೆ. ಅವು ಮಾತ್ರೆಗಳು, ದಿನಾ ನುಂಗುವಂಥವು. ಆಸ್ಪಿರಿನ್ ಮತ್ತು ಅದರ ಜೊತೆಗಿನ ಇನ್ನೊಂದು ರಕ್ತ ತೆಳುವಿನ ಮಾತ್ರೆ ಸ್ಟೆಂಟ್ ಹಾಕಿದಾಗಲೇ ಶುರುವಾಗಿರುತ್ತದೆ. ಬಿಪಿ ತಾನಾಗಿ ನಿಂತ ಮೇಲೆ ರಾಮಿಪ್ರಿಲ್ ಥರದ್ದು ಅಥವಾ ಸಕುಬಿಟ್ರಿಲ್–ವಾಲ್ಸಾರ್ಟನ್, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್, ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್ (ಬಡಿತ ನಿಧಾನ ಮಾಡುವ ಔಷಧಿ) ಒಂದೊಂದಾಗಿ ಸೇರುತ್ತವೆ. ಡಾಪಾಗ್ಲಿಫ್ಲೋಜಿನ್ ಸಕ್ಕರೆ ಕಾಯಿಲೆಯದ್ದಲ್ವಾ ಅಂತ ಗಾಬರಿ ಬೇಡ. 2019ರಲ್ಲಿ 4744 ಜನರ ಅಧ್ಯಯನದಲ್ಲಿ ಸಕ್ಕರೆ ಇಲ್ಲದವರ ದುರ್ಬಲ ಹೃದಯಕ್ಕೂ ಅದು ನೆರವಾಗಿದೆ.

ಬೀಟಾ ಬ್ಲಾಕರ್ ಇವತ್ತೇ ಯಾಕೆ ಕೊಡುತ್ತಿಲ್ಲ ಅಂತ ನಿಮ್ಮ ಪರಿಚಯದ ಯಾರೋ ಕೇಳಿದರಂತಲ್ಲ. ಚೀನಾದಲ್ಲಿ 45,852 ಹಾರ್ಟ್ ಅಟ್ಯಾಕ್ ರೋಗಿಗಳಲ್ಲಿ ಅರ್ಧ ಜನರಿಗೆ ಮೊದಲ ದಿನವೇ ಮೆಟೊಪ್ರೊಲಾಲ್ ಚುಚ್ಚಿ, ಮುಂದೆ ಮಾತ್ರೆ ಕೊಟ್ಟು ನೋಡಿದ್ದರು, 2005ರ ಮಾತು. ಲಯ ತಪ್ಪಿ ಹೃದಯ ನಿಲ್ಲುವುದು ಸಾವಿರಕ್ಕೆ 5ರಷ್ಟು ಕಮ್ಮಿಯಾಯಿತು. ಆದರೆ ಪಂಪ್ ಸೋತು ಬಿಪಿ ಕುಸಿಯುವುದು ಸಾವಿರಕ್ಕೆ 11ರಷ್ಟು ಜಾಸ್ತಿಯಾಯಿತು. ನಿಮ್ಮ ಚಿಕ್ಕಪ್ಪನ ಹೃದಯ ಈಗಿರುವುದೇ ಆ ಅಪಾಯದ ಅಂಚಿನಲ್ಲಿ. ನೊರಾಡ್ ಮೇಲಿರುವವರಿಗೆ ಅದನ್ನು ಕೊಡುವ ಧೈರ್ಯ ನನಗಂತೂ ಇಲ್ಲ.

ಎದೆಯೊಳಗೆ ಶಾಕ್ ಕೊಡುವ ಮಿಷನ್ ಇಡುವ ಪ್ರಶ್ನೆಯೂ ಈಗಲೇ ಬರುವುದಿಲ್ಲ. ಅಟ್ಯಾಕ್‌ನ ಹೊತ್ತಿಗೇ ಹೃದಯ ನಿಂತಿದ್ದರೆ ಸಾಮಾನ್ಯವಾಗಿ ಮಾತ್ರೆಗಳನ್ನು ಪೂರ್ತಿ ಡೋಸಿಗೆ ತಂದು, ಸ್ಟೆಂಟ್ ಹಾಕಿದ ಮೂರು ತಿಂಗಳಿಗೆ ಮತ್ತೆ ಎಕೋ ಮಾಡುತ್ತಾರೆ. ಆಗಲೂ ಪಂಪಿಂಗ್ 35 ಅಥವಾ ಅದಕ್ಕಿಂತ ಕೆಳಗಿದ್ದರೆ ಆ ಮಾತು ಎತ್ತುತ್ತಾರೆ. ಡಿಸ್ಚಾರ್ಜ್ ದಿನ ಆ ಎಕೋದ ತಾರೀಖನ್ನು ಕೇಳಿ ಬರೆಸಿಕೊಳ್ಳಿ.