15 ವರ್ಷ ಹಳೆಯ ಕ್ರೆಡಿಟ್‌ಗಳೂ ಫೈನಾನ್ಶಿಯಲ್ ಏಡ್ ಲೆಕ್ಕಕ್ಕೆ ಬರುತ್ತವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮಗೆ 42 ವರ್ಷ, ಅಮೆರಿಕದಲ್ಲಿದ್ದೀರಿ, ಗ್ರೀನ್ ಕಾರ್ಡ್ ಇದೆ. 15 ವರ್ಷದ ಹಿಂದೆ ಕಮ್ಯುನಿಟಿ ಕಾಲೇಜಿಗೆ ಸೇರಿ ಅರ್ಧಕ್ಕೆ ಬಿಟ್ಟಿದ್ದೀರಿ. ಈಗ ನರ್ಸಿಂಗ್ ಓದಲು ಹೋದರೆ, "ಕ್ರೆಡಿಟ್ ಮಿತಿ ಮೀರಿದೆ, ಫೈನಾನ್ಶಿಯಲ್ ಏಡ್ ಇಲ್ಲ" ಅಂತ ಈಮೇಲ್ ಬಂದಿದೆ. (ಕ್ರೆಡಿಟ್ ಅಂದರೆ ಕೋರ್ಸ್ ಎಷ್ಟು ದೊಡ್ಡದು ಅಂತ ಅಳೆಯುವ ಲೆಕ್ಕ. ಏಡ್ ಅಂದರೆ ಓದಿಗೆ ಸರ್ಕಾರದಿಂದ ಸಿಗುವ ಗ್ರಾಂಟ್, ಲೋನ್ ಥರದ ನೆರವು.) ನಿಮ್ಮದು ಆಗಿರುವುದು 78 ಕ್ರೆಡಿಟ್, ಮಿತಿ 90 ಅಂತ ಯಾರೋ ಹೇಳಿದ್ದರು. ಹಾಗಾದರೆ ಇದು ಹೇಗೆ, ಹಳೆಯದೆಲ್ಲ ಯಾಕೆ ಲೆಕ್ಕಕ್ಕೆ ಬರಬೇಕು, ಲೋನ್ ಆದರೂ ಸಿಗುತ್ತಾ ಅಂತ ಕೇಳಿದ್ದೀರಿ.

ಇದೇ ಈಮೇಲ್ ನನಗೂ 2019ರಲ್ಲಿ ಬಂದಿತ್ತು. ಅಡುಗೆಮನೆಯಲ್ಲಿ ನಿಂತು ಮೂರು ಸಲ ಓದಿದೆ. ಒಲೆಯ ಮೇಲಿದ್ದ ಸಾರು ಉಕ್ಕಿದ್ದೂ ಗೊತ್ತಾಗಲಿಲ್ಲ. ಹಾಗಾಗಿ ನಿಮ್ಮ ಸಂಕಟ ಗೊತ್ತು. ಆದರೆ ಆ ಈಮೇಲ್ ಕೊನೆಯ ತೀರ್ಪು ಅಲ್ಲ.

ಮೊದಲು ಕಹಿ ಸುದ್ದಿ. ಹೌದು, ಹಳೆಯ ಕ್ರೆಡಿಟ್ ಲೆಕ್ಕಕ್ಕೆ ಬರುತ್ತದೆ. 15 ವರ್ಷ ಆಗಿರಲಿ, 25 ಆಗಿರಲಿ, ಅದಕ್ಕೆ ಅವಧಿ ಮುಗಿಯುವುದು ಅಂತ ಇಲ್ಲ. ಕೆಲವು ಕಾಲೇಜುಗಳು ಹಳೆಯ ಕೆಟ್ಟ ಗ್ರೇಡ್‌ಗಳನ್ನು ಮನ್ನಾ ಮಾಡುತ್ತವೆ. ನಿಮ್ಮ ಜಿಪಿಎ ಚೆನ್ನಾಗಿ ಕಾಣಿಸುತ್ತದೆ. ಆದರೆ ಫೆಡರಲ್ ಏಡ್ ನಿಯಮಕ್ಕೆ ಆ ಮನ್ನಾ ಗೊತ್ತೇ ಇಲ್ಲ. ಅಲ್ಲಿ ಚಿತ್ರಗುಪ್ತನ ಲೆಕ್ಕ. ಪಾಸಾದದ್ದು, ಫೇಲಾದದ್ದು, ನಡುವೆ ಕೈಬಿಟ್ಟು ಡಬ್ಲ್ಯೂ ಬಿದ್ದದ್ದು, ಎಲ್ಲವೂ ಬರೆದಿರುತ್ತದೆ. ಆಗ ನೀವು ಏಡ್ ತಗೊಂಡೇ ಇರಲಿಲ್ಲ, ಕೈಯಿಂದ ಕಟ್ಟಿ ಓದಿದ್ದಿರಿ ಅಂದರೂ ಅಷ್ಟೇ.

ಇನ್ನು ಆ 90ರ ವಿಷಯ. ಇದರ ಹೆಸರು ಸ್ಯಾಟಿಸ್‌ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್, ಅಂದರೆ ಏಡ್ ಪಡೆಯುವವರ ಓದು ಸರಿಯಾಗಿ ಸಾಗುತ್ತಿದೆಯಾ ಅಂತ ನೋಡುವ ನಿಯಮ. ಎಲ್ಲರೂ ಸ್ಯಾಪ್ ಅನ್ನುತ್ತಾರೆ. ಒಂದು ಪ್ರೋಗ್ರಾಮ್ ಎಷ್ಟು ಕ್ರೆಡಿಟ್‌ದೋ ಅದರ ಒಂದೂವರೆ ಪಟ್ಟು, ಅಂದರೆ ಶೇ. 150ರೊಳಗೆ ಅದನ್ನು ಮುಗಿಸಬೇಕು. 60 ಕ್ರೆಡಿಟ್‌ನ ಅಸೋಸಿಯೇಟ್ ಡಿಗ್ರಿಗೆ, ಅಂದರೆ ಎರಡು ವರ್ಷದ ಡಿಗ್ರಿಗೆ, 90. 120ರ ಬ್ಯಾಚುಲರ್ಸ್‌ಗೆ 180. ನರ್ಸಿಂಗ್, ರೇಡಿಯೋಗ್ರಫಿ ಥರದ ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ 60ಕ್ಕಿಂತ ಜಾಸ್ತಿ ಇರುತ್ತವೆ. ಹಾಗಾಗಿ ನಿಮ್ಮ ಮಿತಿ 90 ಅಂತ ಅಂದುಕೊಳ್ಳಬೇಡಿ. ಕ್ಯಾಟಲಾಗ್ ತೆಗೆದು ನಿಮ್ಮ ಪ್ರೋಗ್ರಾಮಿನ ಒಟ್ಟು ಕ್ರೆಡಿಟ್ ನೋಡಿ, ಒಂದೂವರೆಯಿಂದ ಗುಣಿಸಿ.

ಆದರೂ 78ಕ್ಕೇ ಯಾಕೆ ನಿಲ್ಲಿಸಿದರು? ಇಲ್ಲೇ ಎಲ್ಲರೂ ಎಡವುವುದು. ಮಿತಿ ಮುಟ್ಟಿದ ದಿನ ಅವರು ನಿಲ್ಲಿಸುವುದಿಲ್ಲ. ಮಿತಿಯೊಳಗೆ ನೀವು ಮುಗಿಸಲು ಸಾಧ್ಯವೇ ಇಲ್ಲ ಅಂತ ಲೆಕ್ಕದಲ್ಲಿ ಗೊತ್ತಾದ ದಿನವೇ ನಿಲ್ಲಿಸುತ್ತಾರೆ. ಬಸ್ಸಿನ ಡೀಸೆಲ್ ಘಾಟಿಯಲ್ಲಿ ಮುಗಿಯುವ ತನಕ ಕಾಯದೆ, ಮಂಗಳೂರಿಗೆ ಸಾಲುವುದಿಲ್ಲ ಅಂತ ಹಾಸನದಲ್ಲೇ ಎಲ್ಲರನ್ನೂ ಇಳಿಸಿದ ಹಾಗೆ.

ನನ್ನ ಲೆಕ್ಕವನ್ನೇ ಹೇಳುತ್ತೇನೆ. ನಾನು ಹಾಸನದಲ್ಲಿ ಬಿಕಾಂ ಎರಡನೇ ವರ್ಷ ಬಿಟ್ಟು ಮದುವೆಯಾಗಿ ಮಿಶಿಗನ್‌ಗೆ ಬಂದವಳು. ಎಚ್4ನಲ್ಲಿ, ಅಂದರೆ ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡ ವೀಸಾದಲ್ಲಿ, ಇದ್ದಷ್ಟು ದಿನ ಫೆಡರಲ್ ಏಡ್‌ನ ಮಾತೇ ಇಲ್ಲ. ಗ್ರೀನ್ ಕಾರ್ಡ್ ಬಂದಮೇಲೆ 2012ರಲ್ಲಿ ಅಕೌಂಟಿಂಗ್‌ಗೆ ಸೇರಿದೆ. 2013ರಲ್ಲಿ ಸೆಮಿಸ್ಟರ್ ನಡುವೆ ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂತು. ಎರಡು ತಿಂಗಳು ಊರಲ್ಲಿದ್ದೆ. ಮೂರು ಕೋರ್ಸಿಗೂ ಡಬ್ಲ್ಯೂ. ಮುಂದಿನ ವರ್ಷ ಎರಡನೇ ಮಗು, ಓದು ಅಲ್ಲಿಗೆ ನಿಂತಿತು. ಅಷ್ಟು ಹೊತ್ತಿಗೆ 34 ಕ್ರೆಡಿಟ್‌ಗೆ ಹೆಸರು ಕೊಟ್ಟಿದ್ದೆ, 25 ಪಾಸು.

2018ರಲ್ಲಿ ರೇಡಿಯೋಗ್ರಫಿ ಓದೋಣ ಅಂತ ವಾಪಸ್ ಬಂದೆ. ಎಕ್ಸ್‌ರೇ ತೆಗೆಯುವ ಕೆಲಸ. ಅದಕ್ಕೆ ವೇಟಿಂಗ್ ಲಿಸ್ಟ್. ಕಾಯುವಾಗ ನನ್ನ ಹೆಸರು ಜನರಲ್ ಸ್ಟಡೀಸ್ ಅಡಿಯಲ್ಲಿ ಇತ್ತು. ಸೆಮಿಸ್ಟರಿಗೆ 12 ಕ್ರೆಡಿಟ್ ತಗೊಂಡರೆ ಫುಲ್ ಟೈಮ್, ಗ್ರಾಂಟ್ ಪೂರ್ತಿ ಬರುತ್ತದೆ ಅಂತ ಎಲ್ಲರೂ ಹೇಳಿದರು. ಸರಿ, ಸೆರಾಮಿಕ್ಸ್ ತಗೊಂಡೆ, ಸಿನಿಮಾ ಕುರಿತ ಒಂದು ಕೋರ್ಸ್ ತಗೊಂಡೆ, ಹೀಗೆ ನಾಲ್ಕು. ಮಾಡಿದ ಮಡಕೆ ಇನ್ನೂ ಮನೆಯಲ್ಲಿದೆ, ಹುಣಸೆಹಣ್ಣು ಹಾಕಿಡಲು ಚೆನ್ನಾಗಿದೆ. ಆದರೆ ರೇಡಿಯೋಗ್ರಫಿಗೆ ಆ 12 ಕ್ರೆಡಿಟ್ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಯಿತು. ಆ ವರ್ಷ ಒಟ್ಟು 29 ಕ್ರೆಡಿಟ್, ಎಲ್ಲ ಪಾಸು, ಅದರಲ್ಲಿ ರೇಡಿಯೋಗ್ರಫಿಗೆ ಬೇಕಾದದ್ದು 17.

2019ರಲ್ಲಿ ಸೀಟ್ ಸಿಕ್ಕಿತು. ಪ್ರೋಗ್ರಾಮ್ 72 ಕ್ರೆಡಿಟ್, ಮಿತಿ 108. ನನ್ನದು ಆಗಲೇ 63. ಅದರಲ್ಲಿ ಹಳೆಯ ಇಂಗ್ಲಿಷ್‌ನ 3 ಸೇರಿ 20 ಮಾತ್ರ ಹೊಸ ಡಿಗ್ರಿಗೆ ಉಪಯೋಗ. ಇನ್ನೂ 52 ಬೇಕು. 63ಕ್ಕೆ 52 ಕೂಡಿಸಿದರೆ 115. ಮಿತಿಗಿಂತ 7 ಜಾಸ್ತಿ. ಅಷ್ಟಕ್ಕೇ ಏಡ್ ನಿಂತಿತು. ಗ್ರೇಡ್ ಚೆನ್ನಾಗಿತ್ತು, ತಗೊಂಡ ಕ್ರೆಡಿಟ್‌ಗಳಲ್ಲಿ ಶೇ. 85 ಪಾಸಾಗಿದ್ದೆ. ಸಾಮಾನ್ಯವಾಗಿ ಶೇ. 67 ಇದ್ದರೆ ಸಾಕು ಅನ್ನುತ್ತಾರೆ. ಯಾವುದೂ ಉಪಯೋಗಕ್ಕೆ ಬರಲಿಲ್ಲ.

ನೀವೂ ಇದೇ ಲೆಕ್ಕ ಹಾಕಿ. ನಿಮ್ಮ 78ಕ್ಕೆ ನರ್ಸಿಂಗ್‌ನಲ್ಲಿ ಬಾಕಿ ಇರುವುದನ್ನು ಕೂಡಿಸಿ. ಬಾಕಿ 40 ಇದ್ದರೆ 118 ಆಯಿತು. ಪ್ರೋಗ್ರಾಮ್ 70ರದ್ದಾದರೆ ಮಿತಿ 105. ಅಲ್ಲಿಗೆ ಈಮೇಲ್ ಯಾಕೆ ಬಂತು ಅಂತ ಗೊತ್ತಾಗುತ್ತದೆ.

ಲೋನ್ ಬಗ್ಗೆ ಕೇಳಿದ್ದಿರಿ. ಸ್ಯಾಪ್ ತಪ್ಪಿದರೆ ಫೆಡರಲ್ ಲೋನ್ ಕೂಡ ಇಲ್ಲ. ಗ್ರಾಂಟ್, ಲೋನ್, ವರ್ಕ್ ಸ್ಟಡಿ (ಓದುತ್ತಾ ಮಾಡುವ ಪಾರ್ಟ್ ಟೈಮ್ ಕೆಲಸ) ಎಲ್ಲಕ್ಕೂ ಇದೊಂದೇ ಬಾಗಿಲು. ಆದರೆ ಇದರ ಜೊತೆಗೆ ಇನ್ನೆರಡು ಲೆಕ್ಕಗಳು ಬೇರೆಯಾಗಿ ನಡೆಯುತ್ತಿರುತ್ತವೆ. ಅವನ್ನು ಇದರೊಂದಿಗೆ ಕಲಸಬೇಡಿ.

ಒಂದು ಪೆಲ್ ಗ್ರಾಂಟ್‌ನದು, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ, ವಾಪಸ್ ಕಟ್ಟಬೇಕಿಲ್ಲದ ಹಣದ್ದು. ಜೀವಮಾನಕ್ಕೆ ಶೇ. 600, ಅಂದರೆ ಫುಲ್ ಟೈಮ್ ಲೆಕ್ಕದಲ್ಲಿ 12 ಸೆಮಿಸ್ಟರ್. ಮೊದಲು 18 ಇತ್ತು, 2012ರ ಜುಲೈಯಿಂದ 12ಕ್ಕೆ ಇಳಿಸಿದರು. ಅದಕ್ಕೂ ಮೊದಲು ತಗೊಂಡದ್ದೂ ಸೇರುತ್ತದೆ. ಒಂದು ಸೆಮಿಸ್ಟರ್ ಪೂರ್ತಿ ತಗೊಂಡರೆ 50 ಹೋಯಿತು, ಅರ್ಧ ತಗೊಂಡರೆ 25. ಇದು ಕಾಲೇಜಿನ ಲೆಕ್ಕ ಅಲ್ಲ, ಸರ್ಕಾರದ್ದು. ಇದಕ್ಕೆ ಅಪೀಲೂ ಇಲ್ಲ. ಸ್ಟೂಡೆಂಟ್ ಏಡ್ ಡಾಟ್ ಗವ್ ತಾಣದಲ್ಲಿ ಲಾಗಿನ್ ಆದರೆ ನಿಮ್ಮದು ಎಷ್ಟು ಖರ್ಚಾಗಿದೆ ಅಂತ ಕಾಣುತ್ತದೆ. 2025-26ರಲ್ಲಿ ಪೆಲ್ ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್.

ಇನ್ನೊಂದು ಲೋನ್‌ನದು. ನಿಮ್ಮಂಥ 24 ದಾಟಿದವರು, ಮದುವೆಯಾದವರು ಇಂಡಿಪೆಂಡೆಂಟ್, ಅಂದರೆ ಅಪ್ಪ ಅಮ್ಮನ ಆದಾಯ ಲೆಕ್ಕಕ್ಕೆ ಬಾರದವರು, ಅನ್ನಿಸಿಕೊಳ್ಳುತ್ತಾರೆ. ಡಿಗ್ರಿ ಮಟ್ಟದಲ್ಲಿ ಒಟ್ಟು 57,500 ಡಾಲರ್ ತನಕ, ಅದರಲ್ಲಿ ಸಬ್ಸಿಡೈಸ್ಡ್, ಅಂದರೆ ಓದುವಾಗಿನ ಬಡ್ಡಿಯನ್ನು ಸರ್ಕಾರವೇ ಕಟ್ಟುವ ಲೋನ್, 23,000 ಮಾತ್ರ. ಹಾಫ್ ಟೈಮ್, ಅಂದರೆ ಸಾಮಾನ್ಯವಾಗಿ 6 ಕ್ರೆಡಿಟ್ ಆದರೂ ಓದುತ್ತಿರಬೇಕು. 2026ರ ಜುಲೈ 1ರಿಂದ ಪಾರ್ಟ್ ಟೈಮ್ ಓದುವವರಿಗೆ ವರ್ಷದ ಲೋನ್ ಮಿತಿಯೂ ತಗೊಂಡ ಕ್ರೆಡಿಟ್‌ಗೆ ತಕ್ಕಂತೆ ಕಡಿಮೆಯಾಗುತ್ತದೆ. ಕೆಲಸ ಮಾಡುತ್ತಾ ಓದುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ನಮ್ಮವರಿಗೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಊರಲ್ಲಿ ಬಿಎ, ಬಿಕಾಂ, ಬಿಇ ಯಾವುದೇ ಡಿಗ್ರಿ ಮುಗಿಸಿದ್ದರೆ ಸಾಮಾನ್ಯವಾಗಿ ಪೆಲ್ ಸಿಗುವುದಿಲ್ಲ. ಅಮೆರಿಕದಲ್ಲಿ ಆ ಡಿಗ್ರಿಗೆ ಮೂರು ಕಾಸಿನ ಬೆಲೆ ಇಲ್ಲದಿದ್ದರೂ ಸರಿ. ನನ್ನ ಗೆಳತಿ ಬಿಇ ಮಾಡಿದವಳು, ನನ್ನ ಜೊತೆಗೇ ಫಾಫ್ಸಾ, ಅಂದರೆ ಫೆಡರಲ್ ಏಡ್‌ನ ಅರ್ಜಿ, ತುಂಬಿದಳು. ಅವಳಿಗೆ ಲೋನ್ ಮಾತ್ರ ಬಂತು. ನಾನು ಬಿಕಾಂ ಅರ್ಧಕ್ಕೆ ಬಿಟ್ಟದ್ದು ಜೀವನದಲ್ಲಿ ಮೊದಲನೇ ಸಲ ಲಾಭಕ್ಕೆ ಬಂತು ನೋಡಿ. ಫಾರ್ಮ್‌ನಲ್ಲಿ ಡಿಗ್ರಿ ಇಲ್ಲ ಅಂತ ಸುಳ್ಳು ಬರೆಯುವ ಯೋಚನೆ ಮಾತ್ರ ಬೇಡ. ಸಿಕ್ಕಿಬಿದ್ದರೆ ತಗೊಂಡದ್ದೆಲ್ಲ ವಾಪಸ್ ಕಟ್ಟಬೇಕು.

ಈಗ ಏನು ಮಾಡಬಹುದು ಅನ್ನುವ ವಿಷಯಕ್ಕೆ ಬರುತ್ತೇನೆ. ಮೊದಲನೆಯದು ಅಪೀಲ್. ಮನೆಯವರ ಸಾವು, ನಿಮ್ಮ ಕಾಯಿಲೆ ಅಥವಾ ಪೆಟ್ಟು, ಇಲ್ಲವೇ ಬೇರೆ ವಿಶೇಷ ಕಾರಣ ಇದ್ದರೆ ಕಾಲೇಜು ವಿನಾಯಿತಿ ಕೊಡಬಹುದು. ಅಪೀಲ್ ತಗೊಳ್ಳಲೇಬೇಕು ಅಂತ ಕಾಲೇಜಿಗೆ ಕಟ್ಟುಪಾಡೇನೂ ಇಲ್ಲ, ಆದರೆ ತುಂಬಾ ಕಾಲೇಜುಗಳು ತಗೊಳ್ಳುತ್ತವೆ. ನಾನು ಮೊದಲ ಸಲ ಎರಡು ಪುಟ ಬರೆದೆ. ಅಮ್ಮ, ಆಸ್ಪತ್ರೆ, ಚಿಕ್ಕ ಮಕ್ಕಳು, ನನ್ನ ಆಸೆ, ಎಲ್ಲ. ಬರೆಯುತ್ತಾ ನಾನೇ ಅತ್ತಿದ್ದೆ. ಒಂದು ವಾರದಲ್ಲಿ ಇಲ್ಲ ಅಂದರು. ಕಾಗದಪತ್ರ ಒಂದೂ ಇಟ್ಟಿರಲಿಲ್ಲ ನಾನು. ಆ ಸೆಮಿಸ್ಟರ್ ಕಂತಿನಲ್ಲಿ ಕೈಯಿಂದ ಕಟ್ಟಿದೆ. ನಮ್ಮವರು ಏನೂ ಅನ್ನಲಿಲ್ಲ, ನನಗೇ ಮುಜುಗರ.

ಎರಡನೇ ಸಲ ಅಡ್ವೈಸರ್ ಜೊತೆ ಕೂತೆ. ಅವರು ಹೇಳಿದ್ದು ಒಂದೇ ಮಾತು. ಆಗ ಏನಾಯಿತು, ಈಗ ಏನು ಬದಲಾಗಿದೆ, ಇನ್ನು ಎಷ್ಟು ಕೋರ್ಸಿನಲ್ಲಿ ಮುಗಿಸುತ್ತೀರಿ, ಇಷ್ಟೇ ಬರೆಯಿರಿ. ಅರ್ಧ ಪುಟ ಬರೆದೆ. ಅಣ್ಣ ಹಾಸನದ ಆಸ್ಪತ್ರೆಯಿಂದ ಹಳೆಯ ಡಿಸ್ಚಾರ್ಜ್ ಸಮ್ಮರಿ ಹುಡುಕಿ ವಾಟ್ಸಾಪ್‌ನಲ್ಲಿ ಕಳಿಸಿದ. ಪಾಸ್‌ಪೋರ್ಟ್‌ನ ಮೊಹರಿನ ಪುಟ ಲಗತ್ತಿಸಿದೆ. ಅಕೌಂಟಿಂಗ್ ಬಿಟ್ಟು ರೇಡಿಯೋಗ್ರಫಿಗೆ ಯಾಕೆ ಬಂದೆ ಅಂತ ಎರಡು ಸಾಲು. ಬಾಕಿ ಇರುವ 52 ಕ್ರೆಡಿಟ್ ಯಾವ ಸೆಮಿಸ್ಟರಿನಲ್ಲಿ ಯಾವುದು ಅಂತ ಒಂದು ಪಟ್ಟಿ, ಅದಕ್ಕೆ ಅಡ್ವೈಸರ್ ಸಹಿ. ಒಪ್ಪಿದರು. ಅಲ್ಲಿಂದ ಮುಂದೆ ಪ್ರೊಬೇಷನ್, ಅಂದರೆ ಷರತ್ತಿನ ಮೇಲೆ ಏಡ್. ಆ ಪಟ್ಟಿಯೇ ಅಕಾಡೆಮಿಕ್ ಪ್ಲಾನ್. ಪಟ್ಟಿಯಲ್ಲಿ ಇಲ್ಲದ ಕೋರ್ಸ್ ತಗೊಳ್ಳುವ ಹಾಗಿಲ್ಲ, ಕೈಬಿಡುವ ಹಾಗೂ ಇಲ್ಲ. 2021ರಲ್ಲಿ ಮುಗಿಸಿದೆ.

ಅಪೀಲ್ ಜೊತೆಗೇ ಇನ್ನೊಂದು ಕೇಳಿ. ಪ್ರೋಗ್ರಾಮ್ ಬದಲಾಯಿಸಿದವರಿಗೆ, ಹೊಸ ಡಿಗ್ರಿಗೆ ಸೇರದ ಹಳೆಯ ಕ್ರೆಡಿಟ್‌ಗಳನ್ನು ಲೆಕ್ಕದಿಂದ ಬಿಡುವ ಅವಕಾಶ ಕಾಲೇಜಿಗೆ ಇದೆ. ಕೆಲವು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಅವರ ಸ್ಯಾಪ್ ಪಾಲಿಸಿಯಲ್ಲಿ ಬರೆದಿರುತ್ತದೆ. ನೀವು ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ಹಾಗೆಯೇ ಸೇರಿದ ಹೊಸತರಲ್ಲಿ ಇಎಸ್‌ಎಲ್ (ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ಕೋರ್ಸ್) ಅಥವಾ ರೆಮೆಡಿಯಲ್, ಅಂದರೆ ಕಾಲೇಜು ಮಟ್ಟಕ್ಕೆ ತಯಾರು ಮಾಡುವ ಇಂಗ್ಲಿಷ್, ಗಣಿತ ಮಾಡಿದ್ದರೆ, ಅದು ನಿಮ್ಮ 78ರಲ್ಲಿ ಸೇರಿದೆಯಾ ಅಂತ ಕೇಳಿ. ಅದನ್ನೂ ತುಂಬಾ ಕಾಲೇಜುಗಳು ಮಿತಿಯಿಂದ ಹೊರಗಿಡುತ್ತವೆ. ಹೀಗೇ ಕೇಳಿ ಒಬ್ಬರಿಗೆ 15 ಕ್ರೆಡಿಟ್ ಇಳಿದದ್ದು ನನಗೆ ಗೊತ್ತು. ಅವರಿಗೆ ಅಪೀಲೇ ಬೇಕಾಗಲಿಲ್ಲ.

ಅದೂ ಆಗದಿದ್ದರೆ ಬೇರೆ ಕಾಲೇಜು. ಸ್ಯಾಪ್ ಲೆಕ್ಕ ಆಯಾ ಕಾಲೇಜಿನದು. ಹೊಸ ಕಾಲೇಜು ನಿಮ್ಮ ಪ್ರೋಗ್ರಾಮಿಗೆ ಅಂತ ಒಪ್ಪಿಕೊಂಡ ಕ್ರೆಡಿಟ್‌ಗಳನ್ನು ಲೆಕ್ಕಕ್ಕೆ ಹಿಡಿಯಲೇಬೇಕು, ಒಪ್ಪದೇ ಇದ್ದದ್ದನ್ನು ಹಿಡಿಯುವ ಕಡ್ಡಾಯ ಇಲ್ಲ. ಹಳೆಯ ಟ್ರಾನ್ಸ್‌ಕ್ರಿಪ್ಟ್ ಮುಚ್ಚಿಡಬೇಡಿ, ಕೊಟ್ಟೇ ಕೇಳಿ. ಪೆಲ್ ಮತ್ತು ಲೋನ್ ಲೆಕ್ಕ ಮಾತ್ರ ಎಲ್ಲಿ ಹೋದರೂ ನಿಮ್ಮ ಬೆನ್ನಿಗೇ ಇರುತ್ತದೆ.

ಏಡ್ ಬರುವ ತನಕ ಕೈಯಿಂದ ಕಟ್ಟುವುದಾದರೆ ಎರಡು ದಾರಿ ನೆನಪಿಡಿ. ಆಸ್ಪತ್ರೆಯಲ್ಲಿ ಯಾವುದಾದರೂ ಸಣ್ಣ ಕೆಲಸಕ್ಕೆ ಸೇರಿದರೆ ಅವರೇ ಫೀಸಿಗೆ ಹಣ ಕೊಡುವುದುಂಟು. ವರ್ಷಕ್ಕೆ 5,250 ಡಾಲರ್ ತನಕ ಅದಕ್ಕೆ ಟ್ಯಾಕ್ಸ್ ಇಲ್ಲ. ನನ್ನ ಕ್ಲಾಸಿನಲ್ಲಿ ಇಬ್ಬರು ಹೀಗೇ ಓದಿದರು. ಮತ್ತೆ ಟ್ಯಾಕ್ಸ್ ಫೈಲ್ ಮಾಡುವಾಗ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಅಂತ ಇದೆ, ಕಟ್ಟಬೇಕಾದ ಟ್ಯಾಕ್ಸ್‌ನಲ್ಲಿ ಅಷ್ಟು ಕಡಿತ. ಕಟ್ಟಿದ ಫೀಸಿನ ಶೇ. 20, ಹೆಚ್ಚೆಂದರೆ 2,000 ಡಾಲರ್. ಆದಾಯದ ಮಿತಿ ಇದೆ, ಇಷ್ಟೇ ವರ್ಷ ಅನ್ನುವ ಮಿತಿ ಇಲ್ಲ. ಒಂದೇ ಕೋರ್ಸ್ ತಗೊಂಡರೂ ಸಿಗುತ್ತದೆ. ಈ ಒಂದು ಕ್ರೆಡಿಟ್ ಮಾತ್ರ ಜಾಸ್ತಿಯಾದರೆ ಯಾರೂ ಬೈಯುವುದಿಲ್ಲ!

ಏಡ್ ಮತ್ತೆ ಬಂದಮೇಲೆ ಸೆಮಿಸ್ಟರ್ ನಡುವೆ ಪೂರ್ತಿ ಬಿಡುವ ಪರಿಸ್ಥಿತಿ ಬಂದರೆ, ಬಿಡುವ ಮೊದಲು ಏಡ್ ಆಫೀಸಿಗೆ ಹೋಗಿ. ಶೇ. 60 ದಿನ ಕಳೆಯುವ ಮೊದಲು ಬಿಟ್ಟರೆ ಬಂದ ಹಣದಲ್ಲಿ ಒಂದು ಪಾಲು ವಾಪಸ್ ಹೋಗುತ್ತದೆ, ಕಾಲೇಜು ನಿಮ್ಮ ಮೇಲೆ ಬಿಲ್ ಹಾಕುತ್ತದೆ. 15 ವಾರದ ಸೆಮಿಸ್ಟರ್ ಆದರೆ ಸುಮಾರು 9 ವಾರ. ಅಮ್ಮನ ಬಳಿಗೆ ಹೋದಾಗ ನಾನು ಆರನೇ ವಾರದಲ್ಲಿದ್ದೆ. ಊರಿಂದ ಬಂದು ಅಂಚೆ ಡಬ್ಬಿ ತೆಗೆದರೆ ಮೊದಲು ಸಿಕ್ಕಿದ್ದು ಆ ಬಿಲ್ಲೇ.

ಈಮೇಲ್‌ನ ಕೆಳಗೆ ಅಪೀಲ್‌ಗೆ ಕೊನೆಯ ದಿನ ಬರೆದಿರಬಹುದು, ಅದನ್ನು ಇವತ್ತೇ ನೋಡಿ. ನಿಮ್ಮ ಪ್ರೋಗ್ರಾಮ್ ಒಟ್ಟು ಎಷ್ಟು ಕ್ರೆಡಿಟ್, 78ರಲ್ಲಿ ಎಷ್ಟು ನರ್ಸಿಂಗ್‌ಗೆ ಸೇರುತ್ತದೆ ಅಂತ ಇಲ್ಲಿ ಬರೆಯಿರಿ, ಕೂತು ಲೆಕ್ಕ ಹಾಕೋಣ. ಅಪೀಲ್ ಪತ್ರ ಬರೆದರೆ ಹೆಸರು ತೆಗೆದು ಹಾಕಿ, ಓದಿ ಹೇಳುತ್ತೇನೆ. ಅರ್ಧ ಪುಟ ಮೀರದಿರಲಿ.