ಸ್ಟೇಷನ್ ಹಿಂದಿನ ಓಣಿಯ ಮನೆ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ರಾಯಚೂರು ಸ್ಟೇಷನ್ ಸುತ್ತಲಿನ ಓಣಿಗಳ ಬಗ್ಗೆ ಬರೆಯುತ್ತಾ, ನಡುರಾತ್ರಿಯ ರೈಲಿನ ಕೂಗು ಅಲ್ಲಿನ ಮಕ್ಕಳಿಗೆ ಜೋಗುಳವಿದ್ದಂತೆ ಎಂದು ನಾನು ಬರೆದ ಸಾಲು ನಿಮಗೆ ಸಿಟ್ಟು ತರಿಸಿದೆ. ನಿಮ್ಮ ನಾಲ್ಕು ಪುಟಗಳ ಪತ್ರದ ಸಾರ ಇಷ್ಟು: ಹಳಿಯಿಂದ ಕಲ್ಲೆಸೆತದ ದೂರದಲ್ಲಿರುವ ಮನೆಯಲ್ಲಿ ನಿಮ್ಮದು ಮೂರನೆಯ ತಲೆಮಾರು, ಅದನ್ನು ಮಾರಿ ಊರ ಹೊರಗಿನ ಬಡಾವಣೆಯಲ್ಲಿ ಸೈಟು ಕೊಳ್ಳೋಣವೆಂದು ಮಗ ಹಟ ಹಿಡಿದಿದ್ದಾನೆ, ನಿಮ್ಮ ಮನೆಯವರಿಗೆ ಓಣಿ ಬಿಡಲು ಮನಸ್ಸಿಲ್ಲ, ನಿಮಗೆ ರಾತ್ರಿ ನಿದ್ದೆಯಿಲ್ಲ. ‘ಕಿಕ್ಕಿರಿದ ಊರೊಳಗಿನ ಬದುಕೇ ಇಷ್ಟು. ಜೋಗುಳ ಕೇಳುವ ಆಸೆಯಿದ್ದರೆ ಒಂದು ರಾತ್ರಿ ನಮ್ಮ ಮಾಳಿಗೆಯ ಮೇಲೆ ಮಲಗಲು ಬನ್ನಿ’ ಎಂದು ಪತ್ರ ಮುಗಿಸಿದ್ದೀರಿ.

ಬಂದಿದ್ದೆ. ನಿಮ್ಮ ಬಾಗಿಲು ತಟ್ಟುವ ಧೈರ್ಯವಾಗದೆ, ಓಣಿಯ ಬಾಯಿಯಲ್ಲಿರುವ ಚಹಾದಂಗಡಿಯ ಬೆಂಚಿನ ಮೇಲೆ ಕಳೆದ ಶನಿವಾರ ರಾತ್ರಿ ಹನ್ನೊಂದರಿಂದ ಎರಡೂವರೆಯವರೆಗೆ ಕುಳಿತಿದ್ದೆ. ಅಂಗಡಿಯವನು ಹಲಗೆ ಹಾಕುವ ಮುನ್ನ ಕೊಟ್ಟ ಲೋಟದಲ್ಲಿ ಅರ್ಧ ಚಹಾ ಉಳಿದಿತ್ತು. ಗೂಡ್ಸ್ ಗಾಡಿಯೊಂದು ಯಾರ್ಡಿನಿಂದ ಹೊರಟಾಗ ಮೊದಲು ಆ ಚಹಾದ ಮೇಲೆ ಸಣ್ಣ ಬಳೆಗಳೆದ್ದವು, ಸದ್ದು ಬಂದದ್ದು ಆಮೇಲೆ. ಐವತ್ತಕ್ಕೂ ಮಿಕ್ಕಿದ ವ್ಯಾಗನ್‌ಗಳ ಕೊಂಡಿಗಳು ಒಂದಾದ ಮೇಲೊಂದು ಬಿಗಿದುಕೊಳ್ಳುತ್ತಾ, ಕಬ್ಬಿಣದ ಕಪಾಟನ್ನು ಮೆಟ್ಟಿಲ ಮೇಲಿಂದ ಉರುಳಿಸಿದಂತೆ, ಆ ಸದ್ದು ಓಣಿಯ ಈ ತುದಿಯಿಂದ ಆ ತುದಿಗೆ ಸಾಗಿ ಹೋಯಿತು. ಎದುರು ಮನೆಯಲ್ಲಿ ಕೂಸೊಂದು ಎಚ್ಚೆತ್ತು ಅತ್ತಿತು. ಜೋಗುಳದ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ.

ಆದರೆ ನಿಮ್ಮ ಕಷ್ಟಕ್ಕೆಲ್ಲ ದಟ್ಟಣೆಯೇ ಕಾರಣವೆಂಬ ಮಾತನ್ನು ನಾನು ಒಪ್ಪಲಾರೆ. ಅಂದು ಕುಳಿತು ಕೇಳಿದಾಗ ನನಗೆ ತಿಳಿದದ್ದೇನೆಂದರೆ, ನಾವು ‘ರೈಲಿನ ಸದ್ದು’ ಎಂದು ಒಂದೇ ಹೆಸರಿನಲ್ಲಿ ಬೈಯುವುದು ಮೂರು ನಾಲ್ಕು ಬೇರೆ ಬೇರೆ ಸದ್ದುಗಳನ್ನು, ಮತ್ತು ಅವುಗಳಲ್ಲಿ ಚಕ್ರದ ಸದ್ದು ಈಗ ಎಲ್ಲಕ್ಕಿಂತ ಬಡಪಾಯಿ. ಹಿಂದೆ 13 ಮೀಟರ್ ಉದ್ದದ ಹಳಿಯ ತುಂಡುಗಳನ್ನು ಪಟ್ಟಿ ಹಾಕಿ ಜೋಡಿಸುತ್ತಿದ್ದರು. ಬಿಸಿಲಿಗೆ ಹಳಿ ಹಿಗ್ಗಲೆಂದು ನಡುವೆ ಬಿಟ್ಟ ಸಂದಿನ ಮೇಲೆ ಪ್ರತಿ ಚಕ್ರವೂ ‘ಕಟಕ್’ ಎನ್ನುತ್ತಿತ್ತು. ಈಗ ಹಳಿಗಳನ್ನು ಬೆಸೆದು ಉದ್ದಕ್ಕೆ ಹಾಸುವುದರಿಂದ ಆ ತಾಳ ಬಹುಮಟ್ಟಿಗೆ ನಿಂತಿದೆ. ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಯಾರ್ಡಿನ ತುದಿಯಲ್ಲಿ ಮಾತ್ರ ಅದು ಉಳಿದುಕೊಂಡಿದೆ. ಆದ್ದರಿಂದಲೇ ಪ್ಲಾಟ್‌ಫಾರ್ಮಿಗೆ ಎದುರಾಗಿರುವ ಮನೆಗಿಂತ ಯಾರ್ಡಿನ ತುದಿಗಿರುವ ನಿಮ್ಮಂಥವರ ಮನೆಗೆ ಗಲಾಟೆ ಹೆಚ್ಚು.

ನಿದ್ದೆ ಕೆಡಿಸುವುದು ಹಾರ್ನು. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಹಾಕಿವೆ. ನಿಯಮದ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಆರಕ್ಕೆ ಮುಗಿಯುತ್ತದೆ. ಆ ಮಿತಿ ನಿಮ್ಮ ಮಾಳಿಗೆಯ ಮೇಲೆ ಎಷ್ಟು ಸಲ ಮುರಿಯುತ್ತದೆಂದು ಅಳೆಯಲು ಯಂತ್ರ ಬೇಡ. ಆದರೆ ಚಾಲಕ ಹಾರ್ನು ಹೊಡೆಯುವುದು ಚಟಕ್ಕಲ್ಲ. ಲೆವೆಲ್ ಕ್ರಾಸಿಂಗಿಗೆ ಸುಮಾರು 600 ಮೀಟರ್ ಮೊದಲೇ ಹಳಿಯ ಬದಿಗೆ ಹಳದಿ ಫಲಕವೊಂದನ್ನು ನೆಟ್ಟಿರುತ್ತಾರೆ. ಅದನ್ನು ಕಂಡ ಕೂಡಲೇ ಕೂಗಬೇಕೆಂಬುದು ಅವನಿಗಿರುವ ಆಜ್ಞೆ. ಹಳಿಯ ಮೇಲೆ ಜನ ಕಂಡರಂತೂ ಬಿಡದೆ ಕೂಗಲೇಬೇಕು. ಅಂದು ರಾತ್ರಿ ನಾನು ಕೇಳಿದ ಅತಿ ದೀರ್ಘವಾದ ಕೂಗು, ತಲೆಯ ಮೇಲೆ ಮೂಟೆ ಹೊತ್ತ ಇಬ್ಬರು ನಿಮ್ಮ ಓಣಿಯ ಹಿಂದಿನ ಒಡೆದ ಗೋಡೆಯ ಕಿಂಡಿಯಿಂದ ನುಸುಳಿ ಹಳಿ ದಾಟುತ್ತಿದ್ದಾಗ ಬಂತು. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅದು ಅಪರಾಧ. ಮೇಲ್ಸೇತುವೆಗೆ ಸುತ್ತಿ ಬರಬೇಕೆಂದರೆ ಮೂಟೆ ಹೊತ್ತವನಿಗೆ ಅದು ಅರ್ಧ ಗಂಟೆಯ ದಾರಿ. ಅವನು ಕಿಂಡಿಯಿಂದ ದಾಟುತ್ತಾನೆ, ಚಾಲಕ ಕೂಗುತ್ತಾನೆ, ನೀವು ಎದ್ದು ಕೂರುತ್ತೀರಿ. ಆ ಕಿಂಡಿಯ ಬಳಿಯೇ ಒಂದು ಪಾದಚಾರಿ ಸೇತುವೆ ಇದ್ದಿದ್ದರೆ ನಿಮ್ಮ ರಾತ್ರಿ ಎಷ್ಟೋ ಹಗುರಾಗುತ್ತಿತ್ತು. ಗೇಟಿನ ಜಾಗದಲ್ಲಿ ಕೆಳಸೇತುವೆ ಬಂದ ಕಡೆ ಗೇಟಿಗಾಗಿ ಕೂಗುವ ಅಗತ್ಯವೇ ಇರುವುದಿಲ್ಲ. ಹೌದು, ಮಳೆ ಬಂದರೆ ಆ ಕೆಳಸೇತುವೆ ಕೆರೆಯಾಗುತ್ತದೆ, ಆ ಜಗಳ ಬೇರೆ.

ಹಾಗಾದರೆ ಸೇತುವೆ ಕೇಳುವುದು ಯಾರನ್ನು? ಅಧಿಕಾರದ ಗಡಿಯಲ್ಲಿ ಮನೆ ಕಟ್ಟಿಕೊಂಡವರಿಗೆ ಮಾತ್ರ ಗೊತ್ತಿರುವ ಸಂಕಟವಿದು. ಗೋಡೆಯ ಈಚೆಗಿನ ಚರಂಡಿ ನಗರಾಡಳಿತದ್ದು, ಆಚೆಗಿನ ಮೋರಿ ರೈಲ್ವೆಯದು. ದಕ್ಷಿಣ ಮಧ್ಯ ರೈಲ್ವೆಯ ನಕ್ಷೆಯಲ್ಲಿ ನಮ್ಮ ನಿಲ್ದಾಣ ದಶಕಗಳ ಕಾಲ ಗುಂತಕಲ್ ವಿಭಾಗಕ್ಕೆ ಸೇರಿ ಬಂದಿದೆ, ಅದರ ಮೇಲಿನ ಕಚೇರಿ ಸಿಕಂದರಾಬಾದಿನಲ್ಲಿದೆ. ರಾಯಚೂರಿನವನ ಅರ್ಜಿ ಕನ್ನಡ ಬಾರದ ಮೇಜಿಗೆ ಹೋಗಿ ಬೀಳುತ್ತದೆ. ಬಳ್ಳಾರಿ, ಕೊಪ್ಪಳದವರು ಹುಬ್ಬಳ್ಳಿಗೆ ಹೋಗಿ ಜಗಳವಾಡಬಹುದು, ನಮಗೆ ಆ ಸುಖವೂ ಇಲ್ಲ. ಬಳ್ಳಾರಿಯವರಿಗೆ ಅದಿರಿನ ಕೆಂಪು ಧೂಳಿನ ಪಾಲು ಬೇರೆ ಇದೆ ಎಂಬುದನ್ನೂ ಒಪ್ಪಬೇಕು.

ಇದು ಹೀಗೆ ಹೊರಗಿನವರ ಕೈಯಲ್ಲಿರುವುದು ಇಂದಿನ ಕಥೆಯೂ ಅಲ್ಲ. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯೂ ಚೆನ್ನೈ ಕಡೆಯಿಂದ ಮದ್ರಾಸ್ ರೈಲ್ವೆಯೂ ಹಳಿ ಹಾಸುತ್ತಾ ಬಂದು 1871ರಲ್ಲಿ ಕೂಡಿಕೊಂಡದ್ದು ನಮ್ಮ ರಾಯಚೂರಿನಲ್ಲಿ. 1294ರ ಕೋಟೆಯೂ 1513ರ ಏಕ್ ಮಿನಾರ್ ಮಸೀದಿಯೂ ಇದ್ದ ಹಳೆಯ ಊರು ಒಂದು ಕಡೆ, ಕಂಪನಿಗಳ ನಿಲ್ದಾಣ ಇನ್ನೊಂದು ಕಡೆ. ನಡುವಿನ ಬಯಲನ್ನು ತುಂಬಿದವರು ಹಮಾಲರು, ಪೋರ್ಟರ್‌ಗಳು, ಹತ್ತಿಯ ದಲಾಲರು, ಖಾನಾವಳಿಯವರು. ನಿಮ್ಮ ಪಡಸಾಲೆಯ ನೆಲಕ್ಕೆ ಹಾಸಿರುವ ಫರ್ಸಿಯೂ ಇದೇ ಮಾರ್ಗದ ಮೇಲಿರುವ ಶಹಾಬಾದಿನ ಕಲ್ಲೇ ಇರಬೇಕು.

ನಿಮ್ಮ ಅಜ್ಜಿಯ ಕಾಲಕ್ಕೆ ಮಾಳಿಗೆಯ ಮೇಲೆ ಒಣಹಾಕಿದ ಶ್ಯಾವಿಗೆಯ ಮೇಲೆ ಉಗಿಬಂಡಿಯ ಮಸಿ ಬೀಳುತ್ತಿತ್ತೆಂದು ನೀವೇ ಬರೆದಿದ್ದೀರಿ. ಆ ಮಸಿ ಹೋಯಿತು, ವಿದ್ಯುತ್ ಇಂಜಿನ್ ಬಂದ ಮೇಲೆ ಡೀಸೆಲ್ಲಿನ ಹೊಗೆಯೂ ಕಡಿಮೆಯಾಯಿತು, ಬೋಗಿಗಳಿಗೆ ಜೈವಿಕ ಶೌಚಾಲಯ ಅಳವಡಿಸಿದ ಮೇಲೆ ಹಳಿಯ ಮೇಲಿನ ಹೊಲಸೂ ನಿಂತಿತು. ರೈಲಿನ ಬದಿಯ ಬದುಕು ನಿಮ್ಮ ಅಜ್ಜಿಗಿಂತ ನಿಮಗೆ ಸಲೀಸಾಗಿದೆ. ಕೆಟ್ಟಿರುವುದು ಓಣಿಯ ಒಳಗಿನ ವ್ಯವಸ್ಥೆ. 2022ರ ಮೇ ತಿಂಗಳಲ್ಲಿ ಈ ಊರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ನಾವು ಮರೆಯುವಂತಿಲ್ಲ. ಚರಂಡಿಯೊಳಗೇ ನೀರಿನ ಕೊಳವೆ ಹಾದುಹೋಗುವ ಕಡೆ, ರೈಲು ನಿಂತರೂ ನಿಲ್ಲದಿದ್ದರೂ, ಯಾರೂ ನಿಶ್ಚಿಂತೆಯಿಂದ ಬದುಕಲಾರರು.

ಇನ್ನು ಮನೆಯ ವಿಷಯ. ಅಡುಗೆಮನೆಯ ಗೋಡೆಯ ಬಿರುಕು ರೈಲಿನ ಅದುರಿಗೆ ಬಂದದ್ದೆಂದು ನಿಮ್ಮ ಮಗ ಹೇಳುತ್ತಾನೆ. ಇರಬಹುದು, ಆದರೆ ಮಣ್ಣಿನ ಗಿಲಾಯಿಯ ಹಳೆಯ ಕಲ್ಲುಗೋಡೆ ಮಾಳಿಗೆಯ ನೀರು ಇಳಿದರೂ ಬಿರಿಯುತ್ತದೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ಕಡೆ ಗಾರೆಯಿಂದ ಅಂಟಿಸಿ, ಮೇಲೆ ತಾರೀಖು ಬರೆದಿಡಿ. ಮಳೆಗಾಲ ಕಳೆದ ಮೇಲೂ ಗಾಜು ಒಡೆಯದಿದ್ದರೆ ಬಿರುಕು ಹಳೆಯದು, ಮುಚ್ಚಿಸಿಕೊಂಡರೆ ಸಾಕು. ನಿದ್ದೆಗಂತೂ ಒಂದು ಸುಲಭ ಉಪಾಯವಿದೆ: ನೀವು ಮಲಗುವುದು ಮೇಲೆ ಕಟ್ಟಿದ ಪತ್ರಾಸಿನ ಕೋಣೆಯಲ್ಲಿ. ತಗಡು ಸದ್ದನ್ನು ತಡೆಯುವುದಿಲ್ಲ, ತಾನೂ ಜೊತೆಗೆ ಅದುರುತ್ತದೆ; ಮೇ ತಿಂಗಳ ನಲವತ್ತು ಡಿಗ್ರಿಯ ಬಿಸಿಲನ್ನು ನೇರವಾಗಿ ಒಳಗಿಳಿಸುತ್ತದೆ. ಕೆಳಗೆ ಎರಡಡಿ ದಪ್ಪದ ಗೋಡೆಯ ಕೋಣೆಯನ್ನು ಹಳೆಯ ಟ್ರಂಕುಗಳಿಗೆ ಬಿಟ್ಟುಕೊಟ್ಟಿದ್ದೀರಿ. ಟ್ರಂಕುಗಳನ್ನು ಮೇಲಕ್ಕೆ ಕಳಿಸಿ.

ಮಾರುವುದಾದರೆ ಎರಡು ಮಾತು ನೆನಪಿರಲಿ. ರೈಲ್ವೆ ಗಡಿಗೆ ತಾಗಿದ ಜಾಗದಲ್ಲಿ ಹೊಸದಾಗಿ ಕಟ್ಟಲು ರೈಲ್ವೆಯ ನಿರಾಕ್ಷೇಪಣಾ ಪತ್ರ ಬೇಕಾಗುವುದರಿಂದ ಕೊಳ್ಳುವವನು ಅದನ್ನೇ ನೆಪ ಮಾಡಿ ಬೆಲೆ ಇಳಿಸುತ್ತಾನೆ. ನಿಮ್ಮ ಮೂಲ ಕಾಗದ ನಿಜಾಮರ ಕಾಲದ್ದಾಗಿ ಉರ್ದುವಿನಲ್ಲಿದ್ದರೆ ಅನುವಾದ ಮಾಡಿಸಿಕೊಂಡೇ ಮಾತಿಗೆ ಕುಳಿತುಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದ್ದೀರಿ: ಮಾರಬೇಡಿ. ಅದು ಅಜ್ಜನ ಮನೆಯೆಂಬ ಅಭಿಮಾನಕ್ಕಾಗಿ ಹೇಳುತ್ತಿಲ್ಲ. ನಿಮಗೆ ಅರವತ್ತೆಂಟು, ನಿಮ್ಮ ಮನೆಯವರಿಗೆ ಅರವತ್ತನಾಲ್ಕು. ಇಬ್ಬರಿಗೂ ಗಾಡಿ ಓಡಿಸಲು ಬರುವುದಿಲ್ಲ. ಈಗ ಔಷಧದಂಗಡಿಗೆ, ತರಕಾರಿಗೆ, ಕಿರಾಣಿಗೆ ಅವರು ಯಾರನ್ನೂ ಕೇಳದೆ ನಡೆದು ಹೋಗುತ್ತಾರೆ; ಬೆಂಗಳೂರಿನ ಮಗಳು ಉದ್ಯಾನ್ ಎಕ್ಸ್‌ಪ್ರೆಸ್ಸಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಇಳಿದರೂ ಆಟೊ ಕರೆಯದೆ ಮನೆ ಸೇರುತ್ತಾಳೆ, ಯಾಕೆಂದರೆ ಆ ಹೊತ್ತಿಗೂ ಓಣಿಯಲ್ಲಿ ಒಬ್ಬಿಬ್ಬರು ಎಚ್ಚರವಾಗಿರುತ್ತಾರೆ. ನಾನು ಕುಳಿತಿದ್ದ ರಾತ್ರಿಯೇ ಒಂದೂವರೆಗೆ ಒಬ್ಬ ಹೆಣ್ಣುಮಗಳು ಚೀಲ ಹಿಡಿದು ಒಬ್ಬಳೇ ಬಂದಳು. ಕಟ್ಟೆಯ ಮೇಲೆ ಮಲಗಿದ್ದ ಮುದುಕರು ತಲೆಯೆತ್ತಿ, ‘ಗಾಡಿ ಲೇಟಾಗಿತ್ತೇನವಾ?’ ಎಂದು ಕೇಳಿ ಮತ್ತೆ ಮಗ್ಗುಲು ಬದಲಿಸಿದರು. ಬಡಾವಣೆಯ ನಲವತ್ತಡಿ ರಸ್ತೆಯಲ್ಲಿ ಆ ಪ್ರಶ್ನೆ ಕೇಳಲು ಯಾರೂ ಇರುವುದಿಲ್ಲ, ಬೆಳಿಗ್ಗೆ ವಗ್ಗರಣಿ ಮಿರ್ಚಿ ಕಟ್ಟಿಸಿಕೊಂಡು ಬರಲೂ ಮಗನ ಬೈಕೇ ಬೇಕಾಗುತ್ತದೆ.

ಮಗನ ಮಾತನ್ನೂ ತಳ್ಳಿಹಾಕಲಾರೆ. ಅವನಿಗೆ ಕಾರು ನಿಲ್ಲಿಸಲು ಜಾಗವಿಲ್ಲ, ಆಂಬುಲೆನ್ಸ್ ಓಣಿಯೊಳಗೆ ಬರುವುದಿಲ್ಲ, ಅವನ ಮಕ್ಕಳಿಗೆ ಆಡಲು ನಾಲ್ಕಡಿ ನೆಲವಿಲ್ಲ. ಅವನು ಅಲ್ಲಿ ಕಟ್ಟಿಕೊಳ್ಳಲಿ, ಆದರೆ ನಿಮ್ಮ ಮನೆ ಮಾರಿದ ಹಣದಿಂದ ಬೇಡ. ಕಿಂಡಿಯ ಬಳಿಯ ಸೇತುವೆಗೆ ಓಣಿಯವರೆಲ್ಲ ಸೇರಿ ಅರ್ಜಿ ಬರೆದರೆ ಇಂಗ್ಲಿಷ್, ತೆಲುಗು ಎರಡರಲ್ಲೂ ಅದನ್ನು ಬರೆಸಿಕೊಡುವ ಕೆಲಸ ಪತ್ರಿಕೆಯದು.

ಅಷ್ಟಾಗಿಯೂ ಸೈಟು ನೋಡಲು ಹೋಗುವುದಾದರೆ ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಮಗನ ಕಾರಿನಲ್ಲಿ ಬೇಡ, ಮಧ್ಯಾಹ್ನದ ಸಿಟಿ ಬಸ್ಸಿನಲ್ಲಿ ಹೋಗಿ, ಅದೇ ಬಸ್ಸಿನಲ್ಲಿ ಹಿಂತಿರುಗಿ ಬನ್ನಿ.

ಇತಿ ತಮ್ಮ ವಿಶ್ವಾಸಿ,
ಸಂಪಾದಕ