ತಮ್ಮಗ ತೋರಸಲಾಕ ಹೈದರಾಬಾದಿಗೇ ಹೋಗ್ಬೇಕಾ, ಕಲಬುರಗ್ಯಾಗ ಆಗಂಗಿಲ್ಲೇನು?

ಪ್ರಶ್ನೆ: ಸರ್ ನಮಸ್ಕಾರ. ನಮ್ದು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ತಮ್ಮಗ 23 ವರ್ಷ, ಪುಣೆದಾಗ ಕಂಪನಿ ಕೆಲಸ ಮಾಡ್ತಿದ್ದ, ದೀಪಾವಳಿಗಿ ಬಂದಾವ ವಾಪಸ್ ಹೋಗೇ ಇಲ್ಲ. ರಾತ್ರಿ ನಿದ್ದಿ ಮಾಡಂಗಿಲ್ಲ, ಒಬ್ನೇ ಮಾತಾಡ್ತಾನ, ಓಣಿ ಮಂದಿ ಎಲ್ಲಾ ತನ್ನ ಬಗ್ಗೆನೇ ಮಾತಾಡ್ತಾರ, ಫೋನಿನಾಗ ಯಾರೋ ಕೇಳಿಸ್ಕೊಳ್ಳತ್ತಾರ ಅಂತಾನ. ಅವ್ವ ಗಾಳಿ ಬಡದದ ಅಂತ ಗಾಣಗಾಪುರಕ್ಕ ಎರಡು ಸಲ ಒಯ್ದು ಬಂದಾಳ. ಮಾಮಾ ಹೈದರಾಬಾದಿಗಿ ಒಯ್ರಿ ಅಂತಾನ, ಅಪ್ಪನ ಹತ್ರ ತೊಗರಿ ಮಾರಿದ ರೊಕ್ಕ ಅಷ್ಟೇ ಅದ. ಇಲ್ಲೇ ಒಬ್ರು ಕೌನ್ಸೆಲಿಂಗ್ ಅಂತ ಬೋರ್ಡ್ ಹಾಕ್ಯಾರ, ಅವ್ರ ಹತ್ರ ಹೋಗ್ಲೇನು? ಸರಕಾರಿ ದವಾಖಾನ್ಯಾಗ ತೋರಿಸಿದ್ರ ಹುಚ್ಚ ಅಂತ ಹೆಸರು ಬಿದ್ದು ಮುಂದ ಲಗ್ನಕ್ಕ ತೊಂದ್ರಿ ಆಗ್ತದ ಅಂತ ಎಲ್ರಿಗೂ ಅಂಜಿಕಿ.

ಉತ್ತರ: ತಂಗೀ, ಪತ್ರ ಓದಿ ಇದು ಇಂಥಾದ್ದೇ ಕಾಯಿಲೆ ಅಂತ ಹೆಸರಿಡೋದು ನನ್ನಿಂದ ಆಗಂಗಿಲ್ಲ, ಹಂಗ ಫೋಟೋ ನೋಡೇ ಹೇಳ್ತೀನಿ ಅಂತ ಯಾರರ ಅಂದ್ರ ಅವ್ರ ಕಡಿ ಹೋಗಲೇಬ್ಯಾಡ್ರಿ. ಆದ್ರ ನೀವು ಬರ್ದಿದ್ದು ನೋಡಿದ್ರ ಇದು ಕೌನ್ಸೆಲಿಂಗ್‌ದಿಂದ ಶುರು ಮಾಡೋ ಕೇಸ್ ಅಲ್ಲ, ನಿದ್ದಿ ಹೋಗ್ಯಾದ, ಇಲ್ಲದ ಅನುಮಾನ ಬಂದಾವ, ಒಬ್ನೇ ಮಾತಾಡ್ಲತ್ತಾನ, ಇಷ್ಟೂ ಕೂಡಿ ಬಂದಾಗ ಮೊದಲು ತೋರಸಬೇಕಾದ್ದು ಸೈಕಿಯಾಟ್ರಿಸ್ಟ್, ಅಂದ್ರ ಮನೋರೋಗದ ಡಾಕ್ಟರ್ ಹತ್ರ. ಎಂಬಿಬಿಎಸ್ ಆದಮ್ಯಾಲ ಇದೇ ವಿಷಯದಾಗ ಎಂಡಿ, ಡಿಪಿಎಂ ಇಲ್ಲಾ ಡಿಎನ್‌ಬಿ ಮಾಡಿದಾವ್ರು ಅವ್ರು, ಗುಳಿಗಿ ಬರದು ಕೊಡೋದು ಅವ್ರ ಕೆಲಸ. ಸೈಕಾಲಜಿಸ್ಟ್ ಬ್ಯಾರೆ, ಅವ್ರು ಪರೀಕ್ಷೆ ಮಾಡ್ತಾರ, ಮಾತಿನ ಮ್ಯಾಲ ಚಿಕಿತ್ಸೆ ಕೊಡ್ತಾರ, ಕ್ಲಿನಿಕಲ್ ಸೈಕಾಲಜಿಸ್ಟ್ ಆದ್ರ ರಿಹ್ಯಾಬಿಲಿಟೇಶನ್ ಕೌನ್ಸಿಲ್‌ನ ನೋಂದಣಿ ನಂಬರ್ ಇರ್ತದ, ಕೇಳ್ರಿ, ಕೇಳಿದ್ರ ಸಿಟ್ಟಾಗೋರ ಹತ್ರ ಕೂಡಬ್ಯಾಡ್ರಿ. ಇನ್ನ ಬರೇ ಕೌನ್ಸೆಲರ್ ಅಂತ ಬೋರ್ಡ್ ಯಾರ್ ಬೇಕಾದವ್ರು ಹಾಕೊಂಡು ಕುಂತಿರ್ತಾರ, ಅವ್ರಾಗೂ ಒಳ್ಳೇರು ಅದಾರ, ಖರೇ ನಿಮ್ ತಮ್ಮಗ ಈಗ ಬೇಕಾದ್ದು ಅದಲ್ಲ.

ಈಗ ಹೈದರಾಬಾದ್ ಮಾತು. ನಮ್ ಕಡಿ ಇದೊಂದು ರೂಢಿನೇ ಆಗಿಬಿಟ್ಟದ ನೋಡ್ರಿ, ಕಲಬುರಗ್ಯಾವ್ರು ಸೋಲಾಪುರಕ್ಕ ಓಡ್ತಾರ, ಬೀದರ್‌ನವ್ರು ಸೇಡಂನವ್ರು ಹೈದರಾಬಾದಿಗಿ, ಮೊದಲನೇ ಸಲ ಗಾಡಿ ಮಾಡ್ಕೊಂಡು ಆರು ಮಂದಿ ಹೋಗಿ ಹತ್ತು ಸಾವಿರ ಖರ್ಚು ಮಾಡಿ ಬರ್ತಾರ, ಎರಡನೇ ತಿಂಗಳು ಇಬ್ರೇ ಹೋಗ್ತಾರ, ಮೂರನೇ ತಿಂಗಳು ತೊಗರಿ ರಾಶಿ ಅದ ಅಂತ ಯಾರೂ ಹೋಗಂಗಿಲ್ಲ, ಅದೇ ಹಳೇ ಚೀಟಿ ತೋರಿಸಿ ಮೆಡಿಕಲ್ ಅಂಗಡ್ಯಾಗ ಗುಳಿಗಿ ತರ್ತಾರ, ಆಮ್ಯಾಲ ಹುಡುಗ ಆರಾಮ ಆಗ್ಯಾನ ಅಂತ ಅದೂ ನಿಲ್ಲಸ್ತಾರ. ಆರು ತಿಂಗಳಿಗಿ ಮತ್ತ ಶುರು, ಈ ಸಲ ಜೋರಾಗಿ. ಇಂಥಾ ಮಂದಿನ್ನ ನಾನು ಎಷ್ಟು ನೋಡೀನಿ ಅಂದ್ರ ಲೆಕ್ಕ ಇಲ್ಲ. ಇಂಥಾ ಕಾಯಿಲೆ ಒಂದು ಆಪರೇಶನ್ ಮಾಡಿ ಮುಗಿಸೋದಲ್ಲ, ಮೊದಲ ಸಲ ಬಂದಾಗ್ಲೂ ಆರಾಮ ಆದಮ್ಯಾಲ ಒಂದೆರಡು ವರ್ಷ ಗುಳಿಗಿ ನಡಿಬೇಕಾಗ್ತದ, ತಿಂಗಳು ತಿಂಗಳು ಡಾಕ್ಟರ್ ಮುಖ ನೋಡ್ಬೇಕು. ಅದಕ್ಕ ನಾ ಹೇಳೋದು, ದೊಡ್ಡ ಹೆಸರಿನ ಡಾಕ್ಟರ್‌ಗಿಂತ ಅಪ್ಪಗ ಬಿಡುವಿಲ್ಲದ ರಾಶಿ ಟೈಮಿನಾಗೂ ನೀವು ಮುಟ್ಟಬಹುದಾದ ಡಾಕ್ಟರನ್ನ ಹುಡುಕ್ರಿ. ಸೇಡಂದಿಂದ ಕಲಬುರಗಿ ಮುಂಜಾನಿ ಹೋಗಿ ಸಂಜಿಕಿ ಮನಿಗಿ ಬರೋ ದಾರಿ, ಮತ್ತ ನೀವು ಅವ್ವ ಇಬ್ರೂ ಸರಕಾರಿ ಬಸ್ಸಿನಾಗ ಶಕ್ತಿ ಯೋಜನೆದಾಗ ಪುಕ್ಕಟೆ ಹೋಗಬಹುದು, ಹೈದರಾಬಾದಿಗಿ ಹೋಗೋ ಬಸ್ಸಿನಾಗ ಅದು ನಡ್ಯಂಗಿಲ್ಲ.

ಕಲಬುರಗ್ಯಾಗ ಸರಕಾರಿ ಮೆಡಿಕಲ್ ಕಾಲೇಜು ಜಿಮ್ಸ್ ಅದ, ಎಂಆರ್‌ಎಂಸಿ, ಕೆಬಿಎನ್, ಇಎಸ್‌ಐ ಮೆಡಿಕಲ್ ಕಾಲೇಜು ಅದಾವ, ಮೆಡಿಕಲ್ ಕಾಲೇಜು ಅಂದಮ್ಯಾಲ ಅಲ್ಲಿ ಮನೋರೋಗ ವಿಭಾಗ ಇರಲೇಬೇಕು ಅನ್ನೋದು ನಿಯಮ. ಬೀದರ್‌ದಾವ್ರಿಗಿ ಅಲ್ಲಿನ ಸರಕಾರಿ ಮೆಡಿಕಲ್ ಕಾಲೇಜು ಬ್ರಿಮ್ಸ್, ಯಾದಗಿರಿ ಕಡಿಯಾವ್ರಿಗಿ ಯಿಮ್ಸ್. ಇನ್ನೊಂದು ಭಾಳ ಮಂದಿಗಿ ಗೊತ್ತೇ ಇಲ್ಲ, ನಮ್ ರಾಜ್ಯದಾಗ ಮನೋಚೈತನ್ಯ ಅಂತ ಕಾರ್ಯಕ್ರಮ ಅದ, ಸೂಪರ್ ಟ್ಯೂಸ್‌ಡೇ ಅಂತಾರ, ಮಂಗಳವಾರ ಜಿಲ್ಲೆಯಿಂದ ಸೈಕಿಯಾಟ್ರಿಸ್ಟ್ ತಾಲ್ಲೂಕು ದವಾಖಾನಿಗೇ ಬಂದು ನೋಡೋ ವ್ಯವಸ್ಥೆ. ಸೇಡಂಗಿ ಯಾವ ಮಂಗಳವಾರ ಬರ್ತಾರ ಅಂತ ತಾಲ್ಲೂಕು ದವಾಖಾನ್ಯಾಗ ಇಲ್ಲಾ ನಿಮ್ಮ ಓಣಿ ಆಶಾ ಅಕ್ಕನ ಹತ್ರ ಕೇಳ್ರಿ. ಮೊದಲು ಕಲಬುರಗ್ಯಾಗ ತೋರಿಸಿ, ಗುಳಿಗಿ ಒಂದು ಮಟ್ಟಕ್ಕ ಬಂದಮ್ಯಾಲ ಮುಂದಿಂದು ಸೇಡಂದಾಗೇ ಮಾಡ್ಕೊಂತೀವಿ ಅಂತ ಡಾಕ್ಟರಿಗಿ ಹೇಳಿದ್ರ ಅವ್ರೇ ಬರದು ಕೊಡ್ತಾರ.

ಡಾಕ್ಟರ್ ಒಳ್ಳೇರು ಹೌದೋ ಅಲ್ಲೋ ಹ್ಯಾಂಗ ಗೊತ್ತಾಗ್ತದ? ಮೊದಲನೇ ಭೇಟ್ಯಾಗೇ ಅರ್ಧ ಗೊತ್ತಾಗ್ತದ. ಹುಡುಗನ ಕೂಡ ಒಬ್ನೇ ಕುಂದ್ರಿಸಿ ಮಾತಾಡ್ಬೇಕು, ನಿಮ್ ಕೂಡ ಬ್ಯಾರೆ ಮಾತಾಡ್ಬೇಕು, ಪುಣೆದಾಗ ಗಾಂಜಾ ದಾರು ಏನರ ಇತ್ತೇನು ಅಂತ ಕೇಳ್ಬೇಕು, ತಲಿಗಿ ಪೆಟ್ಟು, ಜ್ವರ, ಮೂರ್ಛೆ, ಮನೆತನದಾಗ ಯಾರಿಗರ ಹಿಂಗ ಇತ್ತೇನು ಅಂತ ಕೇಳ್ಬೇಕು, ಥೈರಾಯ್ಡ್, ಶುಗರ್ ಅಂಥಾ ರಕ್ತ ಪರೀಕ್ಷೆ ಬರೀಬಹುದು. ಗುಳಿಗಿ ಕೊಟ್ಟಾಗ ಇದರಿಂದ ಕೈ ನಡುಗ್ತದ, ಮೈ ಬಿಗಿತದ, ತೂಕ ಏರ್ತದ, ಹಂಗಾದ್ರ ನಿಲ್ಲಸಬ್ಯಾಡ್ರಿ ನನ್ ಕಡಿ ಬರ್ರಿ ಅಂತ ಹೇಳೋರು ಒಳ್ಳೇರು. ಎರಡು ನಿಮಿಷದಾಗ ಏಳು ಗುಳಿಗಿ ಬರದು ಮುಂದಿನಾವ್ರನ್ನ ಕರಿಯೋರು, ಒಂದೇ ವಾರದಾಗ ಪೂರಾ ಗುಣ ಮಾಡ್ತೀನಿ ಗ್ಯಾರಂಟಿ ಅನ್ನೋರು, ಏನು ಕಾಯಿಲೆ ಅಂತ ಕೇಳಿದ್ರ ಬೈಯೋರು, ಅಲ್ಲಿಂದ ಎದ್ದು ಬರ್ರಿ. ನಿದ್ದಿ ಕೆಲವೇ ದಿನದಾಗ ಸುಧಾರಿಸಬಹುದು, ಅನುಮಾನ ಕಡಿಮಿ ಆಗ್ಲಾಕ ವಾರಗಟ್ಟಲೆ ಬೇಕು, ಅದಕ್ಕ ಹತ್ತೇ ದಿನಕ್ಕ ಡಾಕ್ಟರ್ ಬದಲಿ ಮಾಡಬ್ಯಾಡ್ರಿ. ಭಾಷೆನೂ ನೋಡ್ರಿ, ಮನಸಿನ ಮಾತು ತರ್ಜುಮೆ ಮಾಡಿ ಹೇಳೋದಲ್ಲ, ನಮ್ ಕಲಬುರಗಿ ಕನ್ನಡ ತಿಳಿಯೋರು ಸಿಕ್ರ ಅರ್ಧ ಕೆಲಸ ಹಗುರ. ಮನ್ಯಾಗ ದಖನಿ ಇಲ್ಲಾ ತೆಲುಗು ಮಾತಾಡೋ ಮಂದಿಗೂ ಇದೇ ಮಾತು.

ಅವ ಬರ್ತಾನೇನು ಅಂತ ನೀವು ಕೇಳಿಲ್ಲ, ಖರೇ ನಿಜವಾದ ತ್ರಾಸ ಅಲ್ಲೇ ಅದ. ನಿನಗ ತಲಿ ಕೆಟ್ಟದ ಅನ್ನಬ್ಯಾಡ್ರಿ, ಫೋನಿನಾಗ ಯಾರೂ ಇಲ್ಲ ಅಂತ ವಾದಕ್ಕೂ ಇಳಿಬ್ಯಾಡ್ರಿ, ಅವನಿಗಿ ಅದು ಖರೇನೇ. ನಿದ್ದಿ ಇಲ್ದೆ ಸೊರಗೀದಿ, ನಿದ್ದಿಗಿ ತೋರಿಸ್ಕೊಂಡು ಬರೋಣ ಬಾ ಅನ್ರಿ, ಅದು ಸುಳ್ಳೂ ಅಲ್ಲ. ಅವ ಯಾರ ಮಾತು ಕೇಳ್ತಾನ, ಕಾಕಾನೋ ಗೆಳೆಯನೋ, ಅವ್ರನ್ನ ಸಂಗಾಟ ಕರ್ಕೊಂಡು ಹೋಗ್ರಿ. ಏನೂ ನಡೀಲಿಲ್ಲ ಅಂದ್ರ 14416ಕ್ಕ ಹಚ್ರಿ, ಟೆಲಿ ಮಾನಸ್ ಅಂತ, 2022ರಿಂದ ಅದ, ಪುಕ್ಕಟೆ, ಹಗಲು ರಾತ್ರಿ ನಡೀತದ, ಕನ್ನಡದಾಗೇ ಮಾತಾಡ್ತಾರ, ಮನಿ ಮಂದಿನೂ ಮಾತಾಡಬಹುದು. ಜ್ವರ ಬಂದು ಒಮ್ಮೆಲೇ ಗುರುತು ತಪ್ಪಿದ್ರ ಅದು ಮೆದುಳಿನ ಜ್ವರನೂ ಇರಬಹುದು, ಆಗ ಯಾವ ಓಪಿಡಿನೂ ಕಾಯಬ್ಯಾಡ್ರಿ, ಸೀದಾ ದವಾಖಾನಿ ಕ್ಯಾಶುವಾಲ್ಟಿಗಿ, ಅಂದ್ರ ತುರ್ತು ವಿಭಾಗಕ್ಕ ಒಯ್ರಿ. ಸಾಯ್ತೀನಿ ಅಂದ್ರ, ಹೊಡಿಲಾಕ ಬಂದ್ರ, ಊಟ ನೀರು ಬಿಟ್ರ ಆಗೂ ಕ್ಯಾಶುವಾಲ್ಟಿನೇ. ಮತ್ತ ಇವತ್ತೇ ಒಂದು ಕೆಲಸ ಮಾಡ್ರಿ, ತೊಗರಿಗಿ ಹೊಡಿಯೋ ಎಣ್ಣಿ (ಕೀಟನಾಶಕ) ಡಬ್ಬಿ ಮನ್ಯಾಗ ಇದ್ರ ತಗದು ಬ್ಯಾರೆ ಕಡಿ ಬೀಗ ಹಾಕಿಡ್ರಿ. ಅವ ಅಂಥಾವ ಅಲ್ಲ ಅಂತ ಎಲ್ರೂ ಅಂತಾರ.

ಹೆಸರು ಬೀಳೋದರ ಬಗ್ಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆದಾಗ ರೋಗಿ ವಿಷಯ ಗುಟ್ಟಾಗಿಡಬೇಕು ಅಂತ ಬರದದ, ಸರಕಾರಿ ಇರ್ಲಿ ಖಾಸಗಿ ಇರ್ಲಿ. ಅದೇ ಕಾಯ್ದೆದಾಗ ಸರಪಳಿ ಹಾಕಿ ಕಟ್ಟೋದು ಬಂದ್ ಮಾಡ್ಯಾರ. ಲಗ್ನದ ಮಾತು ಈಗ ಬ್ಯಾಡ, ಚಿಕಿತ್ಸೆ ಇಲ್ಲದ ಹುಡುಗಗ ಲಗ್ನ ಮಾಡಿದ್ರ ಸರಿ ಆಗ್ತಾನ ಅನ್ನೋ ಮಂದಿ ನಿಮ್ ಮನಿಗೂ ಬರ್ತಾರ, ಚಾ ಕುಡಿಸಿ ಕಳಸ್ರಿ.

ಅವ್ವನ ಕೂಡ ಗಾಣಗಾಪುರದ ವಿಷಯಕ್ಕ ಜಗಳ ತಗೀಬ್ಯಾಡ್ರಿ. ದತ್ತಪ್ಪನ ಮ್ಯಾಲ ಅವ್ರಿಗಿ ನಂಬಿಕಿ ಅದ, ಇರ್ಲಿ, ಹೋಗಿ ಬರ್ಲಿ, ನೆಟ್ಟಗ ಒಂದೇ ಮಾತು ಹೇಳ್ರಿ, ಹೋಗುವಾಗ ಗುಳಿಗಿ ಡಬ್ಬಿ ಚೀಲದಾಗ ಇರ್ಬೇಕು, ಅಲ್ಲಿ ಇದ್ದ ದಿನನೂ ಗುಳಿಗಿ ತಪ್ಪಬಾರ್ದು. ನಮ್ ಓಪಿಡಿಗಿ ಎಷ್ಟೋ ಮಂದಿ ಅಂಗಾರ ಹಚ್ಕೊಂಡೇ ಬರ್ತಾರ, ನಾ ಯಾವತ್ತೂ ಒರ್ಸ್ರಿ ಅಂದಿಲ್ಲ.